ಅನುದಾನ ತಡವಾದಾಗ ರಂಗತಂಡದ ದಾರಿ

ಸರ್ಕಾರದ ಅನುದಾನ ತಡವಾಯಿತೆಂದು ಈ ವರ್ಷದ ನಾಟಕವನ್ನೇ ಕೈಬಿಡಲು ಯೋಚಿಸಿರುವ ಹವ್ಯಾಸಿ ತಂಡದ ಕಾರ್ಯದರ್ಶಿಯವರು ಮೊದಲು ಪರಿಶೀಲಿಸಬೇಕಾದುದು, ಲೆಕ್ಕಪತ್ರಗಳೂ ತೀರ್ಮಾನಗಳೂ ಸ್ಥಾಪಕರೊಬ್ಬರ ಕೈಯಲ್ಲೇ ಉಳಿದಿವೆಯೇ ಎಂಬುದನ್ನು. ಹಾಗಿದ್ದರೆ ಹಣ ಬಂದರೂ ತಂಡ ನಿಲ್ಲುವುದು ಕಷ್ಟ. ಹೊಣೆ ಹಂಚುವುದಕ್ಕೆ ಒಂದು ಉದಾಹರಣೆಯಿದೆ: 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ 1985ರಲ್ಲಿ ಆರಂಭಿಸಿದ ತಿರುಗಾಟ, ಅಂದರೆ ಸಿದ್ಧ ನಾಟಕಗಳೊಂದಿಗೆ ಊರೂರು ಸುತ್ತುವ ರೆಪರ್ಟರಿ, ಆಯಾ ಊರಿನ ಸಂಘಟಕರನ್ನು ಪ್ರದರ್ಶನದ ಹೊಣೆಯಲ್ಲಿ ಪಾಲುದಾರರನ್ನಾಗಿಸಿತು; 2005ರಲ್ಲಿ ಸ್ಥಾಪಕ ಕೆ.ವಿ. ಸುಬ್ಬಣ್ಣನವರು ತೀರಿಕೊಂಡ ಮೇಲೂ ಆ ಸಂಸ್ಥೆ ಮುಂದುವರಿದುದು ಗ್ರಾಮೀಣ ರಂಗಭೂಮಿಗೆ ನಿಜಕ್ಕೂ ದೊಡ್ಡ ಧೈರ್ಯ. ಆದ್ದರಿಂದ ಸರ್ವಸದಸ್ಯರ ಸಭೆಯಲ್ಲಿ ಆಯವ್ಯಯವನ್ನು ಬಿಚ್ಚಿಟ್ಟು, ಖಜಾಂಚಿಯ ಹೊಣೆಯನ್ನು ಕಿರಿಯರಿಗೆ ವಹಿಸಿ, ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ಮೂಲನಿಧಿಯೊಂದನ್ನು ಸಣ್ಣ ದೇಣಿಗೆಗಳಿಂದಲೇ ಕಟ್ಟತೊಡಗುವುದು ಒಳಿತು. ಅಲ್ಲಿಯವರೆಗೆ ರಂಗಸಜ್ಜಿಕೆಯ ವೆಚ್ಚ ತಗ್ಗಿಸಬಹುದು, ತಾಲೀಮನ್ನಲ್ಲ.