ಸಾಲ ವಸೂಲಿ ಕರೆ: ರೈತರ ಹೊಣೆ ಮತ್ತು ಹಕ್ಕು

ಬೇಸಾಯಕ್ಕೆ ಬೀಜ, ಗೊಬ್ಬರ, ನೀರು ಹೇಗೆ ಅವಶ್ಯವೋ ಸಕಾಲಕ್ಕೆ ದೊರೆಯುವ ಸಾಲವೂ ಹಾಗೆಯೇ ಅವಶ್ಯ. ಸಾಲ ಪಡೆಯುವುದು ನಾಚಿಕೆಯ ವಿಷಯವಲ್ಲ. ಪಡೆದ ಸಾಲವನ್ನು ತೀರಿಸುವುದು ಸಾಲಗಾರನ ಹೊಣೆ. ಆದರೆ ಮಳೆ ಕೈಕೊಟ್ಟ ವರ್ಷ, ಇಲ್ಲವೇ ಬೆಲೆ ಕುಸಿದ ವರ್ಷ ಕಂತು ತಪ್ಪುವುದುಂಟು. ಆಗ ದೂರವಾಣಿ ಕರೆಗಳು ಮೊದಲಾಗುತ್ತವೆ. ಹೊತ್ತುಗೊತ್ತಿಲ್ಲದೆ ಕರೆ ಮಾಡುವುದು, ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವುದು, ಪೊಲೀಸರನ್ನು ಕಳಿಸುತ್ತೇವೆಂದು ಹೆದರಿಸುವುದು ಹಲವೆಡೆ ಕಂಡುಬಂದಿದೆ. ಹೆದರಿದ ರೈತ ಬಿತ್ತನೆಗೆಂದು ಇಟ್ಟ ಬೀಜವನ್ನು ಮಾರುತ್ತಾನೆ, ಹಾಲು ಕೊಡುವ ಹಸುವನ್ನು ಸಂತೆಗೆ ಹೊಡೆಯುತ್ತಾನೆ ಅಥವಾ ಮೀಟರ್ ಬಡ್ಡಿಗೆ ಕೈಸಾಲ ತಂದು ಹಳೆಯ ಕಂತು ಕಟ್ಟುತ್ತಾನೆ. ಇದರಿಂದ ಮುಂದಿನ ಹಂಗಾಮಿನ ಬೆಳೆಯೂ ಕೈತಪ್ಪಿ, ಸಾಲ ಮಾತ್ರ ಬೆಳೆಯುತ್ತದೆ.

2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಿಂದ ಕಿರುಸಾಲ ವಸೂಲಿಯ ಕಿರುಕುಳದ ದೂರುಗಳು ಬಂದವು. ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆದುದರಿಂದ ವಸೂಲಿಯ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ರೈತ ಮಹಿಳೆಯೂ ತಿಳಿದಿರುವುದು ಅಗತ್ಯ.

ಸಾಲ ಯಾರದೆಂದು ಮೊದಲು ಗುರುತಿಸಿ

ಬೆಳೆಯ ಮೇಲಿರುವ ಕೀಟ ಯಾವುದೆಂದು ತಿಳಿಯದೆ ಔಷಧಿ ಸಿಂಪಡಿಸಿದರೆ ಖರ್ಚು ಮಾತ್ರ ಉಳಿಯುತ್ತದೆ. ಸಾಲದ ವಿಷಯವೂ ಹೀಗೆಯೇ. ಸಾಲ ಕೊಟ್ಟವರು ಯಾರೆಂಬುದರ ಮೇಲೆ ಅನ್ವಯವಾಗುವ ನಿಯಮವೂ ದೂರು ಕೊಡುವ ಕಚೇರಿಯೂ ಬೇರೆಯಾಗುತ್ತವೆ.

1. ಬ್ಯಾಂಕುಗಳು, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಹಣಕಾಸು ಸಂಸ್ಥೆಗಳು ಮತ್ತು ಮೈಕ್ರೋ ಫೈನಾನ್ಸ್ ಕಂಪನಿಗಳು: ಇವು ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ಒಳಪಟ್ಟಿವೆ.

2. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು: ಇವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟಿವೆ.

3. ಖಾಸಗಿ ಲೇವಾದೇವಿದಾರರು ಮತ್ತು ರಿಸರ್ವ್ ಬ್ಯಾಂಕಿನ ನೋಂದಣಿ ಇಲ್ಲದೆ ಸಾಲ ಕೊಡುವವರು: ಇವರಿಗೆ 1961ರ ಲೇವಾದೇವಿದಾರರ ಕಾಯ್ದೆ, 2004ರ ದುಬಾರಿ ಬಡ್ಡಿ ನಿಷೇಧ ಕಾಯ್ದೆ ಮತ್ತು ಕಿರುಸಾಲ ಹಾಗೂ ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಬಂದ ರಾಜ್ಯದ ಕಾಯ್ದೆ ಅನ್ವಯವಾಗುತ್ತವೆ. 2025ರ ಕಾನೂನಿನಂತೆ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಕರೆಯ ವೇಳೆ ಮತ್ತು ರೀತಿ

2022ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ ನಿಯಮಗಳಂತೆ ಸುಸ್ತಿ ಸಾಲದ ವಸೂಲಿಗಾಗಿ ಬೆಳಿಗ್ಗೆ 8 ಗಂಟೆಗೆ ಮುಂಚೆ ಮತ್ತು ಸಂಜೆ 7 ಗಂಟೆಯ ನಂತರ ಸಾಲಗಾರನಿಗೆ ಕರೆ ಮಾಡುವಂತಿಲ್ಲ. ಕಿರುಸಾಲಗಳಿಗೆ ಈ ವೇಳೆ ಇನ್ನೂ ಕಡಿಮೆ: ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಡುವ ಸಾಲವೇ ಕಿರುಸಾಲ. ಸ್ತ್ರೀಯರ ಗುಂಪುಗಳ ಮೂಲಕ ಹಳ್ಳಿಗಳಲ್ಲಿ ಹಂಚಿಕೆಯಾಗುವ ಮೈಕ್ರೋ ಫೈನಾನ್ಸ್ ಸಾಲಗಳು ಬಹುಪಾಲು ಇದೇ ವರ್ಗಕ್ಕೆ ಸೇರುತ್ತವೆ.

ಈ ಕೆಳಗಿನವುಗಳನ್ನು ನಿಯಮಗಳು ನಿಷೇಧಿಸಿವೆ.

ಅ) ಬೈಗುಳ, ಬೆದರಿಕೆ, ಕೈ ಮಾಡುವುದು.
ಆ) ಮೇಲಿಂದ ಮೇಲೆ ಕರೆ ಮಾಡಿ ಪೀಡಿಸುವುದು, ಹೆಸರು ಹೇಳದೆ ಕರೆ ಮಾಡುವುದು.
ಇ) ಬಂಧುಗಳು, ಸ್ನೇಹಿತರು, ಜೊತೆಗೆಲಸದವರನ್ನು ಪೀಡಿಸುವುದು.
ಈ) ಊರ ಮುಂದೆ ಅವಮಾನಿಸುವುದು, ಸಾಲಗಾರರ ಹೆಸರನ್ನು ಪ್ರಕಟಿಸುವುದು, ಮೊಬೈಲಿನಲ್ಲಿ ಅಸಭ್ಯ ಸಂದೇಶ ಕಳಿಸುವುದು.
ಉ) ಸಾಲದ ಮೊತ್ತ ಅಥವಾ ಕಟ್ಟದಿದ್ದರೆ ಆಗುವ ಪರಿಣಾಮದ ಬಗ್ಗೆ ಸುಳ್ಳು ಹೇಳುವುದು.

ಕಿರುಸಾಲದ ಕಂತನ್ನು ಇಬ್ಬರೂ ಒಪ್ಪಿದ ಗೊತ್ತಾದ ಸ್ಥಳದಲ್ಲಿ ಪಡೆಯಬೇಕು. ಸಾಲಗಾರರು ಎರಡು ಅಥವಾ ಹೆಚ್ಚು ಬಾರಿ ಸತತವಾಗಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಬರಬಹುದು. ವಸೂಲಿಯನ್ನು ಹೊರಗಿನ ಏಜೆಂಟರಿಗೆ ವಹಿಸಿದ್ದರೂ ಅವರ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ.

ಕರೆ ಬಂದಾಗ ಮಾಡಬೇಕಾದುದು

ಕರೆಯನ್ನು ತಪ್ಪಿಸುತ್ತಾ ಹೋಗುವುದರಿಂದ ತೊಂದರೆ ತಪ್ಪುವುದಿಲ್ಲ. ಒಮ್ಮೆ ಸಮಾಧಾನದಿಂದ ಮಾತನಾಡಿ ವಿವರ ಪಡೆಯುವುದು ಮೇಲು. ಹೀಗೆ ಕೇಳಬಹುದು:

"ತಮ್ಮ ಹೆಸರೇನು? ಯಾವ ಸಂಸ್ಥೆ, ಯಾವ ಶಾಖೆಯಿಂದ ಮಾತನಾಡುತ್ತಿದ್ದೀರಿ? ಸಾಲದ ಖಾತೆ ಸಂಖ್ಯೆ ಯಾವುದು? ಅಸಲು ಎಷ್ಟು, ಬಡ್ಡಿ ಎಷ್ಟು ಬಾಕಿ ಇದೆ? ಲೆಕ್ಕವನ್ನು ಬರವಣಿಗೆಯಲ್ಲಿ ಕಳಿಸಿ. ನಾನು ಶಾಖೆಗೇ ಬಂದು ಮಾತನಾಡುತ್ತೇನೆ."

ಕರೆಯ ದಿನಾಂಕ, ವೇಳೆ, ಬಂದ ಸಂಖ್ಯೆ, ಆಡಿದ ಮಾತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಅಂದೇ ಬರೆದಿಡಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಸಾಧ್ಯವಿದ್ದರೆ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ದೂರು ಕೊಡುವಾಗ ಇವೇ ಆಧಾರ.

ಕರೆ ಮಾಡಿದವರು ಹೇಳಿದ ಖಾಸಗಿ ಖಾತೆಗೆ ಹಣ ಕಳಿಸಬಾರದು. ಒಟಿಪಿ, ಪಿನ್ ಸಂಖ್ಯೆಗಳನ್ನು ಯಾರಿಗೂ ಹೇಳಬಾರದು. ಹಣವನ್ನು ಶಾಖೆಯಲ್ಲಿ ಅಥವಾ ಸಾಲದ ಖಾತೆಗೇ ಕಟ್ಟಿ ರಶೀದಿ ಪಡೆಯಬೇಕು. ಕಿರುಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡುವುದು ಸಂಸ್ಥೆಯ ಕರ್ತವ್ಯ. ಕಟ್ಟಿದ ಪ್ರತಿ ಕಂತೂ ಅದರಲ್ಲಿ ದಾಖಲಾಗಬೇಕು.

ಮೊಬೈಲ್ ಆ್ಯಪ್‌ಗಳ ಮೂಲಕ ಸಾಲ ಪಡೆಯುವವರು ಇನ್ನಷ್ಟು ಎಚ್ಚರದಿಂದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲದ ಆ್ಯಪ್ ಸಾಲಗಾರನ ಮೊಬೈಲಿನಲ್ಲಿರುವ ಫೋನ್ ಸಂಖ್ಯೆಗಳ ಪಟ್ಟಿ, ಕರೆಗಳ ವಿವರ ಮತ್ತು ಚಿತ್ರಗಳನ್ನು ತೆಗೆದುಕೊಳ್ಳುವಂತಿಲ್ಲ. ಇವುಗಳಿಗೆ ಅನುಮತಿ ಕೇಳುವ ಆ್ಯಪ್‌ನಿಂದ ದೂರವಿರುವುದೇ ಕ್ಷೇಮ.

ಹೆದರಿಕೆಯ ಮಾತು ಮತ್ತು ನಿಜಸ್ಥಿತಿ

"ನಾಳೆಯೇ ಜೈಲಿಗೆ ಕಳಿಸುತ್ತೇವೆ": ಸಾಲ ಬಾಕಿ ಉಳಿದ ಮಾತ್ರಕ್ಕೆ ಪೊಲೀಸರು ಬಂಧಿಸುವಂತಿಲ್ಲ; ಅದು ಸಿವಿಲ್ ವಿಷಯ. ಆದರೆ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ 1881ರ ಕಾಯ್ದೆಯ 138ನೇ ಕಲಮಿನಂತೆ ಅಪರಾಧವಾಗುತ್ತದೆ. ಆಗ ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕಟ್ಟಬೇಕು. ಇಂತಹ ನೋಟೀಸನ್ನು ಎಂದಿಗೂ ಕಡೆಗಣಿಸಬಾರದು. ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬಾರದು.

"ಎತ್ತು, ನೇಗಿಲು, ಪಾತ್ರೆಪಗಡ ಹೊತ್ತೊಯ್ಯುತ್ತೇವೆ": ಜಫ್ತಿ ಮಾಡುವ ಅಧಿಕಾರ ವಸೂಲಿ ಏಜೆಂಟರಿಗಿಲ್ಲ. ನ್ಯಾಯಾಲಯದ ಡಿಕ್ರಿ ಬಂದಾಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ರೈತನ ಜೀವನೋಪಾಯಕ್ಕೆ ಬೇಕಾದ ಬೇಸಾಯದ ಉಪಕರಣ, ದನಕರು, ಬಿತ್ತನೆಯ ಕಾಳು, ವಾಸದ ಮನೆ, ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆಗಳನ್ನು ಜಫ್ತಿಯಿಂದ ಹೊರಗಿಟ್ಟಿದೆ. ಧಾರ್ಮಿಕ ಪದ್ಧತಿಯಂತೆ ಹೆಂಗಸರು ತೆಗೆಯಬಾರದ ತಾಳಿಯಂತಹ ಆಭರಣಕ್ಕೂ ಈ ರಕ್ಷಣೆ ಇದೆ. ಸಾಲಕ್ಕೆಂದೇ ಆಧಾರ ಮಾಡಿಕೊಟ್ಟ ಆಸ್ತಿಯ ವಿಷಯ ಬೇರೆ. ಆದರೆ ಆಧಾರವಾಗಿರುವ ಟ್ರ್ಯಾಕ್ಟರನ್ನೂ ಗೂಂಡಾಗಳ ಮೂಲಕ ಕಿತ್ತುಕೊಳ್ಳುವಂತಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟು ಇಂತಹ ಬಲಪ್ರಯೋಗವನ್ನು ಖಂಡಿಸಿದೆ.

"ಹೊಲವನ್ನು ಹರಾಜು ಹಾಕುತ್ತೇವೆ": ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಿಂದ ಕೃಷಿಭೂಮಿಯನ್ನು ಹೊರಗಿಡಲಾಗಿದೆ. ಅಡಮಾನವಾದ ಹೊಲವನ್ನು ನ್ಯಾಯಾಲಯ ಅಥವಾ ಕಾನೂನಿನಲ್ಲಿ ಹೇಳಿದ ಅಧಿಕಾರಿಯ ಮೂಲಕ, ನೋಟೀಸು ಕೊಟ್ಟ ನಂತರವೇ ಮಾರಾಟಕ್ಕಿಡಬಹುದು. ಅಂದರೆ ಫೋನಿನಲ್ಲಿ ಹರಾಜು ನಡೆಯುವುದಿಲ್ಲ. ಕಾನೂನಿನಂತೆ ಬಂದ ನೋಟೀಸಿಗೆ ಮಾತ್ರ ತಡಮಾಡದೆ ಉತ್ತರ ಕೊಡಬೇಕು.

"ನಿಮ್ಮ ಅಣ್ಣತಮ್ಮಂದಿರು ಕಟ್ಟಬೇಕು": ಸಾಲಪತ್ರಕ್ಕೆ ಸಹಿ ಹಾಕದ ಬಂಧುಗಳು ಹೊಣೆಯಲ್ಲ. ಜಾಮೀನುದಾರ ಮಾತ್ರ ಸಾಲಗಾರನಷ್ಟೇ ಹೊಣೆಗಾರ. ಆದುದರಿಂದ ದಾಕ್ಷಿಣ್ಯಕ್ಕೆ ಸಿಕ್ಕಿ ಜಾಮೀನು ನಿಲ್ಲುವ ಮುನ್ನ ಯೋಚಿಸಬೇಕು. ಸಾಲಗಾರ ತೀರಿಕೊಂಡರೆ ಹೆಂಡತಿ ಮಕ್ಕಳು ಅವನಿಂದ ತಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಹೊಣೆಯಾಗುತ್ತಾರೆ. ಸಾಲಕ್ಕೆ ವಿಮೆ ಇತ್ತೇ ಎಂಬುದನ್ನೂ ಶಾಖೆಯಲ್ಲಿ ವಿಚಾರಿಸಬೇಕು.

ಬರವಣಿಗೆಯಲ್ಲಿ ಉತ್ತರ

ಬಾಯಿಮಾತಿಗಿಂತ ಪತ್ರಕ್ಕೆ ಬೆಲೆ ಹೆಚ್ಚು. ಮಾದರಿ ಪತ್ರ ಹೀಗಿದೆ:

"ಶಾಖಾ ವ್ಯವಸ್ಥಾಪಕರಿಗೆ. ಮಾನ್ಯರೆ, ನಾನು ತಮ್ಮ ಶಾಖೆಯಲ್ಲಿ ... ಸಂಖ್ಯೆಯ ಸಾಲ ಪಡೆದಿರುತ್ತೇನೆ. ಈ ವರ್ಷ ಮಳೆಯ ಕೊರತೆಯಿಂದ ... ಎಕರೆ ... ಬೆಳೆ ನಷ್ಟವಾಗಿ ಕಂತು ಕಟ್ಟಲಾಗಿಲ್ಲ. ಸಾಲ ತೀರಿಸುವ ಮನಸ್ಸಿದೆ. ಬಾಕಿಯ ಲೆಕ್ಕವನ್ನು ಕೊಟ್ಟು, ... ತಿಂಗಳಲ್ಲಿ ಮುಂದಿನ ಬೆಳೆ ಕೈಗೆ ಬಂದಾಗ ಕಟ್ಟುವಂತೆ ಕಂತುಗಳನ್ನು ಹೊಂದಿಸಿಕೊಡಬೇಕೆಂದು ಕೋರುತ್ತೇನೆ. ತಾರೀಖು ... ರಂದು ಅವೇಳೆಯಲ್ಲಿ ... ಸಂಖ್ಯೆಯಿಂದ ಬೆದರಿಕೆಯ ಕರೆ ಬಂದಿದೆ. ಇದನ್ನು ನಿಲ್ಲಿಸಬೇಕೆಂದೂ ಕೋರುತ್ತೇನೆ."

ಪಹಣಿ ಮತ್ತು ಬೆಳೆ ನಷ್ಟಕ್ಕೆ ಸಂಬಂಧಿಸಿದ ದಾಖಲೆ ಇದ್ದರೆ ಅದರ ನಕಲನ್ನು ಲಗತ್ತಿಸಿ, ಪತ್ರ ಕೊಟ್ಟ ಬಗ್ಗೆ ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು.

ಈ ಪತ್ರವನ್ನು ಬೇಗ ಬರೆದಷ್ಟೂ ಒಳ್ಳೆಯದು. ಅಲ್ಪಾವಧಿ ಬೆಳೆಗಳ ಸಾಲ ಎರಡು ಬೆಳೆ ಹಂಗಾಮುಗಳವರೆಗೆ, ದೀರ್ಘಾವಧಿ ಬೆಳೆಗಳ ಸಾಲ ಒಂದು ಹಂಗಾಮಿನವರೆಗೆ ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲಗಳ ಪಟ್ಟಿಗೆ ಸೇರಿಸುತ್ತದೆ. ಅಲ್ಲಿಯವರೆಗೆ ಕಾಯದೆ ವಾಯಿದೆಗೆ ಮುಂಚೆಯೇ ವ್ಯವಸ್ಥಾಪಕರನ್ನು ಕಾಣಬೇಕು.

ದೂರು ಎಲ್ಲಿ ಕೊಡಬೇಕು?

1. ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಮೇಲಿನ ದೂರನ್ನು ಮೊದಲು ಆ ಸಂಸ್ಥೆಗೇ ಬರೆದು ಕೊಡಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. 14448 ಸಂಖ್ಯೆಗೆ ಕರೆ ಮಾಡಿ ವಿಧಾನ ತಿಳಿಯಬಹುದು.

2. ಕೃಷಿ ಪತ್ತಿನ ಸಹಕಾರ ಸಂಘದ ಮೇಲಿನ ದೂರನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಕೊಡಬೇಕು.

3. ಬೆದರಿಕೆ, ಹಲ್ಲೆ, ಮನೆಗೆ ನುಗ್ಗುವುದು ನಡೆದರೆ ಕಾಯಬೇಕಾಗಿಲ್ಲ. 112ಕ್ಕೆ ಕರೆ ಮಾಡಬೇಕು, ಠಾಣೆಯಲ್ಲಿ ದೂರು ಕೊಡಬೇಕು. ಅಪರಾಧಿಕ ಬೆದರಿಕೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಂತೆ ಶಿಕ್ಷಾರ್ಹ. ಸಾಲ ಕೊಟ್ಟವರು ಯಾರೇ ಆಗಿರಲಿ, ಇದು ಎಲ್ಲರಿಗೂ ಅನ್ವಯ.

4. ಸಾಲದ ಆ್ಯಪ್‌ಗಳ ಮೋಸಕ್ಕೆ ಸೈಬರ್ ಸಹಾಯವಾಣಿ 1930.

5. ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ 15100 ಸಂಖ್ಯೆ. ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಉಚಿತ. ಲೋಕ ಅದಾಲತ್ತಿನಲ್ಲಿ ರಾಜಿಯಾದ ತೀರ್ಮಾನದ ಮೇಲೆ ಅಪೀಲು ಇಲ್ಲವಾದ್ದರಿಂದ, ಒಪ್ಪುವ ಮುನ್ನ ಕಟ್ಟಬಲ್ಲ ಕಂತನ್ನು ಸರಿಯಾಗಿ ಲೆಕ್ಕ ಹಾಕಬೇಕು.

ಕಂತಿಗೂ ಬೆಳೆಗೂ ಹೊಂದಾಣಿಕೆ

ಎಷ್ಟೋ ಕಡೆ ಕಂತು ತಪ್ಪಲು ಸಾಲದ ಮೊತ್ತಕ್ಕಿಂತ ಕಂತಿನ ವೇಳೆಯೇ ಕಾರಣ. ಉದಾಹರಣೆಗೆ, ಎರಡು ಎಕರೆ ಮಳೆಯಾಶ್ರಿತ ರಾಗಿ ಮತ್ತು ಎರಡು ಹಸು ಇರುವ ಕುಟುಂಬವು ವಾರಕ್ಕೆ 900 ರೂಪಾಯಿ ಕಂತಿನ ಸಾಲ ಪಡೆದಿದೆ ಎಂದು ಭಾವಿಸೋಣ. ಜೂನ್‌ನಿಂದ ನವೆಂಬರ್‌ವರೆಗಿನ 26 ವಾರಗಳಲ್ಲಿ ಕಟ್ಟಬೇಕಾದುದು 23,400 ರೂಪಾಯಿ. ಈ ಅವಧಿಯಲ್ಲಿ ಹೊಲದಿಂದ ಒಂದು ಪೈಸೆಯೂ ಬರುವುದಿಲ್ಲ. ಬದಲಿಗೆ ಬೀಜ, ಗೊಬ್ಬರ, ಕಳೆ ಎಂದು ಖರ್ಚೇ ಇರುತ್ತದೆ. ಕಂತಿನ ಭಾರವೆಲ್ಲಾ ಹಾಲಿನ ಹಣದ ಮೇಲೆ ಬೀಳುತ್ತದೆ. ಗಬ್ಬದ ಹಸುವಿಗೆ ಕರು ಹಾಕುವ ಮೊದಲು ಎರಡು ತಿಂಗಳು ಹಾಲು ಬತ್ತಿಸಬೇಕು. ಆಗ ಕಂತು ತಪ್ಪುತ್ತದೆ, ಕರೆ ಬರುತ್ತದೆ.

ಆದುದರಿಂದ ವಾರದ ಕಂತಿನ ಸಾಲವನ್ನು ಹಾಲು, ತರಕಾರಿ, ಹೂವಿನಂತಹ ನಿತ್ಯ ಆದಾಯದ ಕಸುಬಿಗೆ ಮಾತ್ರ ಪಡೆಯುವುದು ಲೇಸು. ರಾಗಿ, ತೊಗರಿ, ಮೆಕ್ಕೆಜೋಳಗಳಿಗೆ ಕಟಾವಿನ ನಂತರ ತೀರಿಸುವ ಬೆಳೆ ಸಾಲವೇ ತಕ್ಕದ್ದು. ಕಿರುಸಾಲದ ನಿಯಮದಂತೆ ಕುಟುಂಬದ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 12,000 ರೂಪಾಯಿ ಆದಾಯವಿದ್ದರೆ ಒಟ್ಟು ಕಂತು 6,000ದೊಳಗಿರಬೇಕು. ಇರುವ ಸಾಲವನ್ನು ಮುಚ್ಚಿಟ್ಟು ಇನ್ನೊಂದು ಸಾಲ ಪಡೆದರೆ ಈ ನಿಯಮದ ರಕ್ಷಣೆಯನ್ನು ತಾನೇ ಕಳೆದುಕೊಂಡಂತೆ.

ವಿಸ್ತರಣಾ ಕಾರ್ಯಕರ್ತರ ಪಾತ್ರ

ರೈತ ಸಂಪರ್ಕ ಕೇಂದ್ರಗಳಲ್ಲಿ ಮೇಲಿನ ಸಹಾಯವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕು. ಸ್ವಸಹಾಯ ಗುಂಪುಗಳ ಸಭೆಯಲ್ಲಿ ಸಾಲದ ಕಾರ್ಡನ್ನು ಓದಿ ಹೇಳಬೇಕು. ಅಕ್ಷರ ಬಾರದವರಿಗೆ ಪತ್ರ ಬರೆದುಕೊಡಬೇಕು. ಕರೆಗಳ ಕಾಟದಿಂದ ರೈತನೊಬ್ಬ ಮಂಕಾಗಿ, ಊಟ ಬಿಟ್ಟು, ಜನರಿಂದ ದೂರವಾಗುತ್ತಿದ್ದರೆ ಅವನನ್ನು ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಬೇಕು. ಮಾನಸಿಕ ನೆರವಿಗೆ ಟೆಲಿ ಮಾನಸ್ 14416 ಹಗಲು ರಾತ್ರಿ ಲಭ್ಯವಿದೆ.

ಸಾಲಕ್ಕೆ ವಾಯಿದೆ ಇದೆ, ಲೆಕ್ಕ ಇದೆ, ಮಾತುಕತೆಗೆ ಅವಕಾಶ ಇದೆ. ಜೀವಕ್ಕೆ ಅವು ಯಾವುವೂ ಸಮವಲ್ಲ. ಈ ವಾರವೇ ರೈತ ಬಾಂಧವರು ತಮ್ಮ ಮನೆಯಲ್ಲಿರುವ ಸಾಲಪತ್ರ, ರಶೀದಿ, ಕಾರ್ಡುಗಳನ್ನು ಒಂದೆಡೆ ಕೂಡಿಸಿ, ಯಾರಿಗೆ ಎಷ್ಟು, ಯಾವ ತಿಂಗಳಲ್ಲಿ ಕೊಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಉತ್ತಮ. ಹೀಗೆ ಮಾಡಿದಲ್ಲಿ ಮುಂದೆ ಕರೆ ಬಂದರೂ ಧೈರ್ಯವಾಗಿ ಉತ್ತರಿಸಲು ಅನುಕೂಲವಾಗುತ್ತದೆ.