ಅದಿರಿನ ಅವಶೇಷಗಳು ಮತ್ತು ಆರೋಗ್ಯ

ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವ ರೂಢಿ ಕನ್ನಡಿಗರ ಮನೆಗಳಲ್ಲಿ ಬಹುಕಾಲ ಇದ್ದಿತು. ಕಲಾಯಿಯ ಲೋಹವೇ ತವರ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತವು ತವರದ ಗಣಿಗಳಿಗೆ ಹೆಸರಾಗಿದ್ದಿತು. ಅಲ್ಲಿ ಯಂತ್ರಬಲದಿಂದ ಎದ್ದುಬೀಳುವ ಭಾರಿ ಒನಕೆಗಳು ಅದಿರನ್ನು ಕುಟ್ಟಿ ಪುಡಿಮಾಡುತ್ತಿದ್ದವು. ಪುಡಿಯ ಮೇಲೆ ನೀರು ಹರಿಸಿದಾಗ ಹಗುರವಾದ ಮರಳು ಕೊಚ್ಚಿಹೋಗಿ, ಭಾರವಾದ ತವರದ ಅದಿರು ತಳದಲ್ಲಿ ನಿಲ್ಲುತ್ತಿದ್ದಿತು. 1990ರಲ್ಲಿ ಕೆಲಸ ನಿಲ್ಲಿಸಿದ ಗೀವರ್ ಗಣಿಯ ಸಂಸ್ಕರಣಾಗಾರವನ್ನು ಈಗ ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ. ಆ ಪ್ರಾಂತದ ಗಣಿನೆಲೆಗಳು 2006ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಈ ವಿದ್ಯೆಯು ಕರ್ನಾಟಕಕ್ಕೂ ಬಂದಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಾಗ ಕಾರ್ನ್‌ವಾಲಿನ ಅನೇಕ ಗಣಿಗಾರರು ಅಲ್ಲಿಗೆ ಬಂದರು. ಅದೇ ಬಗೆಯ ಒನಕೆಗಳು ಇಲ್ಲಿ ಚಿನ್ನದ ಕಲ್ಲನ್ನು ಕುಟ್ಟಿದವು. ಪುಡಿಯನ್ನು ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿದರೆ ಚಿನ್ನವು ಪಾದರಸಕ್ಕೆ ಅಂಟುತ್ತಿದ್ದಿತು. ಮುಂದೆ, ತಪ್ಪಿಹೋದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ಕ್ರಮವೂ ಬಂದಿತು. ಹೀಗೆ ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನ ದೊರೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಕಾಳು ಹೋಯಿತು, ಹೊಟ್ಟು ಉಳಿಯಿತು. ಮೂರು ಕೋಟಿ ಟನ್ನಿಗೂ ಮೀರಿದ ನುಣ್ಣನೆಯ ಮರಳು 13 ದಿಬ್ಬಗಳಾಗಿ ಊರಿನ ನಡುವೆಯೇ ನಿಂತಿದೆ. ಜನರು ಇವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಹೆಸರು ಸೈನೈಡಿನದಾದರೂ ಆ ವಿಷವು ಬಿಸಿಲುಗಾಳಿಗೆ ಕ್ರಮೇಣ ಕ್ಷೀಣಿಸುವಂಥದು, ಸಿಲಿಕಾ ಹಾಗಲ್ಲ. ಗಾಳಿಗೆ ಏಳುವ ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ವರ್ಷಗಟ್ಟಲೆ ಅವನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಅದನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಕ್ಷಯರೋಗ ತಗಲುವ ಸಂಭವವನ್ನೂ ಅದು ಹೆಚ್ಚಿಸುತ್ತದೆ.

ಈ ಅಪಾಯವು ಗಣಿಗೆ ಮಾತ್ರ ಸೀಮಿತವಾದುದಲ್ಲ. ಟಿಟ್ವಾಳಾ, ಕಲ್ಯಾಣ, ಡೊಂಬಿವಲಿಗಳಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಕಲ್ಲು ಕೊರೆಯುವವರಿಗೂ ಟೈಲ್ಸ್ ಕತ್ತರಿಸುವವರಿಗೂ ಅದೇ ಸಿಲಿಕಾ ಎದುರಾಗುತ್ತದೆ. ನೀರು ಹಾಕಿಕೊಂಡು ಕತ್ತರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರವು ಸೂಕ್ಷ್ಮ ಕಣಗಳನ್ನು ತಡೆಯಲಾರದು. ತಕ್ಕ ಮುಖಗವಸು ಬೇಕು. ಧೂಳಿನ ಕೆಲಸದವರು ಬಿಡದ ಕೆಮ್ಮನ್ನೂ ಏದುಸಿರನ್ನೂ ಅಲಕ್ಷಿಸದೆ ವೈದ್ಯರಿಗೆ ತಮ್ಮ ಉದ್ಯೋಗವನ್ನು ತಿಳಿಸಿ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವುದು ಒಳಿತು.

ಕೋಲಾರದ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿತು. ಲಾಭದ ಅಂದಾಜು ಹಾಕುವಾಗ, ಆ ಗುಡ್ಡಗಳ ಬುಡದಲ್ಲಿ ಬಾಳುವವರ ಉಸಿರನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಮಾತ್ರ ಆ ಲೆಕ್ಕ ಸರಿಯಾದೀತು.