ಮನೆಮಗಳಿದ್ದ ಹಾಗೆ ಅಂದರೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಓದಿದ ಹುಡುಗಿಯರು ಬೆಂಗಳೂರಿನ ಸಿರಿವಂತರ ಮನೆಯಲ್ಲೇ ಉಳಿದು ಮಕ್ಕಳಿಗೆ ಓದಿಸುವ, ನೋಡಿಕೊಳ್ಳುವ ಕೆಲಸಕ್ಕೆ ಹೊರಟರೆ ನಾನು ಬೇಡ ಅನ್ನುವುದಿಲ್ಲ. ಡಿ.ಇಡಿ ಮುಗಿಸಿ ಸರಕಾರಿ ನೇಮಕಾತಿಗೆ ಕಾಯುತ್ತ ಕೂತರೆ ಹೊಟ್ಟೆ ಕೇಳುತ್ತದೆಯೇ? ಹೋಗವ್ವಾ. ಆದರೆ ‘ನೀನು ನಮ್ಮ ಮನೆಮಗಳಿದ್ದ ಹಾಗೆ’ ಅಂತ ಯಜಮಾನಿ ಅಂದೊಡನೆ ಎಚ್ಚರಾಗು. ಮಗಳಿಗೆ ಪಗಾರಿಲ್ಲ, ರಜೆಯಿಲ್ಲ, ಕೆಲಸಕ್ಕೆ ಹೊತ್ತುಗೊತ್ತೂ ಇಲ್ಲ.

ಮೊದಲು ಹೋಂವರ್ಕ್ ಮಾಡಿಸಿದರೆ ಸಾಕು ಅಂತಾರೆ. ಆಮೇಲೆ ಟಿಫಿನ್ ಡಬ್ಬಿ ತೊಳಿ, ಯೂನಿಫಾರ್ಮ್ ಇಸ್ತ್ರಿ ಮಾಡು, ರಾತ್ರಿ ಮಗುವಿನ ಕೋಣೆಯಲ್ಲೇ ಮಲಗು. ಊಟದ ಹೊತ್ತಿನ ಫಜೀತಿಯೇ ಬೇರೆ. ಮಗುವಿಗೆ ತುತ್ತು ಕೊಡಲು ಡೈನಿಂಗ್ ಟೇಬಲ್ಲಿಗೆ ಕರೆಯುತ್ತಾರೆ, ನಿನಗೆ ಕುರ್ಚಿಯಿಲ್ಲ. ಅಡಿಗೆಮನೆಗೆ ಹೋದರೆ ‘ಟೀಚರಮ್ಮ ಬಂದ್ರು’ ಅಂತ ಅಡಿಗೆಯಾಕೆ ಮಾತು ನಿಲ್ಲಿಸುತ್ತಾಳೆ. ಅತ್ತ ಟೀಚರೂ ಅಲ್ಲ, ಇತ್ತ ಆಳೂ ಅಲ್ಲ. ‘ಜೇನ್ ಏರ್’ (1847) ಬರೆದ ಷಾರ್ಲೆಟ್ ಬ್ರಾಂಟೆಯೂ ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡಿ ನೊಂದವಳು.

ಮಗು ‘ಅಕ್ಕನೇ ಬೇಕು’ ಅಂತ ಹಟ ಹಿಡಿದಾಗ ಒಮ್ಮೆ ಅದರ ತಾಯಿಯ ಮುಖ ನೋಡು. ಎಷ್ಟೋ ಹುಡುಗಿಯರ ಕೆಲಸ ಹೋಗುವುದು ತಪ್ಪು ಮಾಡಿದ್ದಕ್ಕಲ್ಲ, ಮಗು ಹಚ್ಚಿಕೊಂಡಿದ್ದಕ್ಕೆ.

ಕರ್ನಾಟಕ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ಅಷ್ಟನ್ನೂ ಕೊಡದವರು ಇದ್ದಾರೆ. ಕೆಲಸ ಏನೇನು, ಎಷ್ಟು ಹೊತ್ತು, ವಾರದ ರಜೆ ಯಾವತ್ತು, ಪಗಾರ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆಸಿಕೋ. ಸಂಕೋಚ ಆದರೂ ಆಗಲಿ. ದುಡ್ಡು ನಿನ್ನ ಖಾತೆಗೇ ಬೀಳಬೇಕು, ಏಜೆಂಟನ ಖಾತೆಗಲ್ಲ. ಮಲಗುವ ಕೋಣೆಗೆ ಒಳಚಿಲಕ ಇದೆಯೇ ಅಂತ ಹೋದ ದಿನವೇ ನೋಡು. ಯಾರಾದರೂ ಮೈಮೇಲೆ ಕೈ ಹಾಕಿದರೆ ಮರ್ಯಾದೆ ಅಂತ ನುಂಗಿಕೊಂಡು ಕೂಡಬೇಡ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಲೆಕ್ಕದಲ್ಲಿ ಆ ಮನೆಯೂ ಕೆಲಸದ ಜಾಗವೇ. ಮೂರು ತಿಂಗಳೊಳಗೆ ಆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಬರೆದುಕೊಡು. ಅವಸರಕ್ಕೆ 112 ಇದೆ.

ಆಧಾರ್ ಕಾರ್ಡಿನ ಅಸಲು ಮಾತ್ರ ಯಾರ ಕೈಗೂ ಕೊಡಬೇಡ. ‘ಲಾಕರಿನಲ್ಲಿ ಜೋಪಾನವಾಗಿರುತ್ತದೆ’ ಅಂತಾರೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸಿಗೆ ನಿನಗೆ ದುಡ್ಡು ಬೇಕಿಲ್ಲ, ಆ ಕಾರ್ಡು ತೋರಿಸಿದರೆ ಮೆಜೆಸ್ಟಿಕ್ಕಿನಿಂದ ಹಾವೇರಿಗೆ ಬರಬಹುದು. ಕೇಳಿದರೆ ಅವರಿಗೊಂದು ಜೆರಾಕ್ಸ್ ಕೊಡು.